ಗಾರೆಪಟ್ಟಿಯ ಮೇಲಿನ ಹೆಬ್ಬೆರಳು

ಬಿರುಕು ಮೊದಲು ಸಿಕ್ಕಿದ್ದು ಸೊಸೆಗೆ, ಅದೂ ಗೋಡೆಯ ಮೇಲಲ್ಲ, ಬಟ್ಟೆಯ ಮೇಲೆ. ಗೋಡೆಗೂಡಿನಿಂದ ಬಿಳಿ ಬಟ್ಟೆಯ ಥಾನೊಂದನ್ನು ಎಳೆದಾಗ ಅದರ ಮೇಲೆ ಕೆಂಪು ಪುಡಿ ಕೂತಿತ್ತು. ಒಂದು ಶಾಲೆಯ ನೂರನಲವತ್ತು ಜೊತೆ ಯೂನಿಫಾರ್ಮ್ ಹೊಲಿದುಕೊಡಲು ಒಪ್ಪಿಕೊಂಡ ಟೈಲರಿಗೆ ಬಿಳಿ ಬಟ್ಟೆಯ ಮೇಲೆ ಕೆಂಪು ಕಂಡರೆ ಹೇಗಾಗಬೇಡ? ಅವಳು ಮೊದಲು ಮಗಳನ್ನು ಕರೆದು ಬೈದಳು. ಮಗಳಿಗೆ ಶಾಲೆಯಲ್ಲಿ ಏನೇ ಹೆಸರಿರಲಿ, ಮನೆಯಲ್ಲಿ ಅವಳು ಗುಂಡಿ. ಒಂದೂವರೆ ವರ್ಷದವಳಿದ್ದಾಗ ಅಮ್ಮನ ಡಬ್ಬಿಯಿಂದ ಕೋಟಿನ ಗುಂಡಿ ನುಂಗಿ ಮನೆಮಂದಿಯನ್ನೆಲ್ಲ ಎರಡು ದಿನ ಕಾಯಿಸಿದವಳು. ಈಗ ಹತ್ತು ವರ್ಷ. ಬಣ್ಣದ ಪೆನ್ಸಿಲ್ ಮುಟ್ಟೇ ಇಲ್ಲವೆಂದು ಅವಳು ಅಳುಮೋರೆ ಮಾಡಿದ ಮೇಲೆ ಸೊಸೆ ಥಾನುಗಳನ್ನೆಲ್ಲ ಕೆಳಗಿಳಿಸಿ ನೋಡಿದಳು. ಗೂಡಿನ ಬಲ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಏರಿ, ಮೇಲ್ಮಹಡಿಯ ತೊಲೆ ಗೋಡೆಯೊಳಗೆ ಹೊಕ್ಕಿದ್ದ ಜಾಗಕ್ಕೆ ಹೋಗಿ ನಿಂತಿತ್ತು. ಉಗುರು ತೂರುವಷ್ಟು ಅಗಲವಿತ್ತು.

ಆ ಗೂಡು ಚಿಕ್ಕಪುಟ್ಟದ್ದಲ್ಲ. ಆಳೆತ್ತರ, ಎರಡು ಮೊಳ ಅಗಲ, ಥಾನುಗಳನ್ನು ಸಾಲಾಗಿ ನಿಲ್ಲಿಸುವಷ್ಟು ಆಳ. ಮನೆ ಎಂದರೆ ಹಳೇ ಇಟ್ಟಿಗೆ ಕಟ್ಟಡದ ಕೆಳಭಾಗ, ಎರಡು ಕೋಣೆ, ಒಂದು ಅಡಿಗೆಮನೆ. ಬೀದಿಗೆ ತೆರೆದುಕೊಂಡ ಕೋಣೆಯೇ ಸೊಸೆಯ ಅಂಗಡಿ. ಹನ್ನೊಂದು ವರ್ಷದ ಹಿಂದೆ ಮೊದಲ ಸಲ ನೋಡಲು ಬಂದಾಗ, ಬಟ್ಟೆ ಇಡಲು ಜಾಗವೇ ಇಲ್ಲ ಎಂದು ಅವಳು ಮೂಗು ಮುರಿದು ಹೋಗಿದ್ದಳು. ಎರಡನೇ ಸಲ ಬರುವ ಹೊತ್ತಿಗೆ ಹಿಂದಿನ ಬಾಡಿಗೆಯವರ ದೊಡ್ಡ ಬೀರು ಹೋಗಿತ್ತು, ಅದು ನಿಂತಿದ್ದ ಕಡೆ ಈ ಗೂಡು ಕಂಡಿತು. ಅದನ್ನು ನೋಡಿಯೇ ಅವಳು ಮನೆ ಒಪ್ಪಿದ್ದು. ಮೇಲ್ಮಹಡಿಯಲ್ಲಿದ್ದ ಮನೆಯೊಡತಿಗೂ ಬೀರುವಿನ ಹಿಂದೆ ಗೂಡಿದೆಯೆಂದು ಗೊತ್ತಿರಲಿಲ್ಲವಂತೆ. ಅವಳನ್ನು ಇವರೆಲ್ಲ ಮೇಲಿನಮ್ಮ ಎನ್ನುತ್ತಿದ್ದರು. ತೀರಿಹೋದ ಗಂಡ ಏನು ಮಾಡಿಸಿದರೂ ಬಾಯಿ ಬಿಡುತ್ತಿರಲಿಲ್ಲ, ಇದೂ ಅವರದೇ ಕೆಲಸ ಎಂದು ಹೇಳಿ, ಬಂದವರಿಗೆಲ್ಲ ಕೆಳಗೆ ಕರೆತಂದು ಅದನ್ನು ತೋರಿಸುತ್ತಿದ್ದಳು. ಹೊಲಿಗೆ ಅಳತೆ ಕೊಡಲು ನಿಂತ ಹೆಂಗಸರಿಗೂ ತೋರಿಸಿದ್ದುಂಟು.

ಮಾವ ಮನೆಯಲ್ಲಿರುವಾಗ ಬಿರುಕಿಗೆ ಬೇರೆಯವರನ್ನು ಯಾಕೆ ಕರೆಯಬೇಕು? ಗುಂಡಿಯ ಅಜ್ಜನಾದ ಅವನು ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಅವನು ಕರಣೆ ಎಳೆದ ಗೋಡೆಯ ಮೇಲೆ ಕೈಯಾಡಿಸಿದರೆ ಎಲ್ಲೂ ತಡೆಯುವುದಿಲ್ಲ ಎಂದು ಹೆಸರಿತ್ತು. ಅವನು ಬಂದು, ಬಿರುಕನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಕಿವಿಯಿಟ್ಟು ಬೆರಳಿನ ಗೆಣ್ಣಿನಿಂದ ಎರಡು ಕಡೆ ಬಡಿದ. ಸಂಜೆ ಅವನ ಮಗ, ಸೊಸೆಯ ಗಂಡ, ಕೆಲಸದಿಂದ ಬಂದ ಮೇಲೆ ಎಲ್ಲರೂ ತಟ್ಟೆ ಹಿಡಿದು ಅದರ ಮುಂದೆಯೇ ಕೂತು ಉಂಡರು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್.

ಮಗ ಹೇಳಿದ, "ಸದ್ದು ಬರೋ ಗಾಡಿನ ನಾವು ರೋಡಿಗೆ ಬಿಡಲ್ಲ. ಒಬ್ಬ ಇಂಜಿನಿಯರ್‌ಗೆ ತೋರಿಸಿಬಿಡೋಣ ಅಪ್ಪ."

"ನಾನೇನು ನಲವತ್ತು ವರ್ಷ ಬಟಾಣಿ ಸುಲೀತಿದ್ನಾ?"

"ಹಾಗಲ್ಲ. ನೀವು ಗಾರೆಯವರು. ಇದು ಒಳಗಿನ ಇಟ್ಟಿಗೆ ವಿಷಯ."

ಅಜ್ಜನಿಗೆ ಆ ಮಾತು ಚುಚ್ಚಿತು. ತಟ್ಟೆಯಲ್ಲಿ ಕೈ ತೊಳೆದು ಎದ್ದ. ಇಂಜಿನಿಯರ್ ಬಂದರೆ ಮೊದಲು ಮನೆ ಖಾಲಿ ಮಾಡಿ ಎನ್ನುತ್ತಾನೆ, ನೂರನಲವತ್ತು ಜೊತೆಯನ್ನು ಬೀದಿಯಲ್ಲಿ ಕೂತು ಹೊಲಿಯುತ್ತೀಯಾ ಎಂದು ಅವನು ಕೇಳಿದ್ದು ಸೊಸೆಯನ್ನು. ಸೊಸೆ ಗಂಡನ ಮುಖ ನೋಡಿದಳು. ಸತ್ಯ ಹೇಳಬೇಕೆಂದರೆ ಅವಳಿಗೂ ಇಂಜಿನಿಯರ್ ಬೇಕಿರಲಿಲ್ಲ. ಯೂನಿಫಾರ್ಮ್ ಒಪ್ಪಿಸಲು ಆರು ವಾರವಿತ್ತು, ಕತ್ತರಿಸಿದ್ದು ಇನ್ನೂ ಮೂವತ್ತು ಜೊತೆ.

ಮರುದಿನ ಅಜ್ಜ ತನ್ನ ಕೆಲಸದವರ ಹಳೇ ವಿಧಾನವೊಂದನ್ನು ಮಾಡಿ ತೋರಿಸಿದ. ಬಿರುಕಿಗೆ ಅಡ್ಡಲಾಗಿ, ಬೆರಳುದ್ದದ ಮೂರು ತೆಳು ಗಾರೆಪಟ್ಟಿ ಹಚ್ಚಿದ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಪಟ್ಟಿ ಸೀಳುತ್ತದೆ; ಸೀಳದಿದ್ದರೆ ಬಿರುಕು ಹಳೆಯದು, ಗೋಡೆ ನಿಂತಿದೆ ಎಂದು ಅರ್ಥ. ಇದರಲ್ಲಿ ಮೋಸವಿಲ್ಲ ಎಂದ. ನಡುವಿನ ಪಟ್ಟಿ ಇನ್ನೂ ಹಸಿಯಿರುವಾಗ ಗುಂಡಿ ಓಡಿಬಂದು ಅದರ ಮೇಲೆ ಹೆಬ್ಬೆರಳೊತ್ತಿದಳು. ಸೊಸೆ ಗದರಿಸುವ ಮೊದಲೇ ಅಜ್ಜ ನಕ್ಕು, ಇರಲಿ ಬಿಡು, ನಮ್ಮ ಮನೆಯ ಮೊಹರು ಎಂದ.

ಮೇಲಿನಮ್ಮ ಇಳಿದು ಬಂದು ಪಟ್ಟಿಗಳನ್ನೂ, ಹೆಬ್ಬೆರಳನ್ನೂ, ಅದರ ಪಕ್ಕದಲ್ಲಿ ಗಂಡನ ಗೂಡನ್ನೂ ನೋಡಿದಳು. "ನೀವು ಹೇಳಿದ್ರೆ ನನಗೆ ಸಾಕು ಮೇಸ್ತ್ರಿಗಳೇ," ಎಂದು ಮೇಲೆ ಹೋದಳು. ಅವಳ ಮಂಚ ಇದ್ದದ್ದು ಆ ತೊಲೆಯ ಮೇಲೆಯೇ.

ಹೀಗೆ ಇಡೀ ಮನೆ ಮೂರು ಗಾರೆಪಟ್ಟಿಗಳನ್ನು ನಂಬಿಕೊಂಡಿತು. ಪ್ರತಿ ಭಾನುವಾರ ತಿಂಡಿಯ ಹೊತ್ತಿಗೆ ಮಗ ಕೇಳುವುದು, ಅಜ್ಜ ಹೋಗಿ ನೋಡಿ ಬಂದು ಅಲುಗಿಲ್ಲ ಎನ್ನುವುದು. ಎರಡನೇ ಭಾನುವಾರ ಮಗ ತಾನೂ ಎದ್ದು ಹೋಗಿ ನೋಡಿದ. ಪಟ್ಟಿಗಳು ಅಚ್ಚುಕಟ್ಟಾಗಿ ಕೂತಿದ್ದವು. ಮೂರನೇ ಭಾನುವಾರ ನೋಡಲಿಲ್ಲ. ಅಷ್ಟು ಹೊತ್ತಿಗೆ ಹೊಲಿದ ಅಂಗಿಗಳ ರಾಶಿ ಗೂಡಿನ ಬಾಯಿಯವರೆಗೆ ಬೆಳೆದು ಪಟ್ಟಿಗಳನ್ನು ಮುಚ್ಚಿತ್ತು. ಅಜ್ಜ ಮಾತ್ರ ರಾಶಿಯ ಪಕ್ಕದಿಂದ ತೂರಿ ನೋಡುತ್ತಿದ್ದ.

ಇದರ ನಡುವೆ ಮನೆಯವರಿಗೆಲ್ಲ ಖುಷಿಯಾದ ಒಂದು ಸಂಗತಿ ನಡೆಯಿತು. ಜನ್ಮದಲ್ಲಿ ಒಲೆ ಮುಟ್ಟದಿದ್ದ ಅಜ್ಜ ಬೆಳಗಿನ ಚಹಾ ಮಾಡತೊಡಗಿದ. ಎಲ್ಲರಿಗಿಂತ ಮೊದಲು ಎದ್ದು, ಪಾತ್ರೆ ಸದ್ದಾಗದಂತೆ ಚಹಾ ಕಾಯಿಸಿ, ಸೊಸೆ ಏಳುವ ಹೊತ್ತಿಗೆ ಲೋಟ ತಂದಿಡುತ್ತಿದ್ದ. ಸಕ್ಕರೆ ಹೆಚ್ಚು, ಹಾಲು ಕಡಿಮೆ. ಆದರೂ ಅವಳು ಅಳತೆಗೆ ಬಂದ ಹೆಂಗಸರ ಮುಂದೆ ಹೇಳಿಕೊಂಡಳು: ಈ ವಯಸ್ಸಲ್ಲಿ ನಮ್ಮ ಮಾವ ನನಗೆ ಕೂತಲ್ಲಿಗೆ ಚಹಾ ತಂದುಕೊಡ್ತಾರೆ, ನಿಮ್ಮನೇಲಿ ಯಾರಾದ್ರೂ ಕೊಡ್ತಾರಾ? ಹೆಂಗಸರು ಹೊಟ್ಟೆ ಉರಿದುಕೊಂಡರು.

ಇನ್ನೊಂದು ದಿನ ಅವನು ಗುಂಡಿಯ ಓದುವ ಮೇಜನ್ನು ಗೂಡಿನ ಪಕ್ಕದಿಂದ, ಸೊಸೆಯ ಹೊಲಿಗೆ ಮಷೀನಿನ ಬದಿಯಿಂದ, ಎತ್ತಿ ಬೀದಿಯ ಕಿಟಕಿಯ ಹತ್ತಿರ ಇಟ್ಟ. ಬೆಳಕು ಚೆನ್ನಾಗಿ ಬರುತ್ತದೆ ಎಂದ. ಮೊಮ್ಮಗಳ ಕಣ್ಣಿನ ಮೇಲೆ ಎಷ್ಟು ಕಾಳಜಿ ಎಂದು ಮಗನಿಗೆ ಕೂಡ ಅನ್ನಿಸಿತು. ಒಳಕೋಣೆಯ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿತ್ತು. ಅಜ್ಜ ಅದಕ್ಕೆ ಉಜ್ಜುಗೊರಡು ಹಿಡಿದು ಒಂದು ಪದರ ತೆಗೆದ. ಬಾಗಿಲು ಮತ್ತೆ ಸಲೀಸಾಯಿತು. ಹನ್ನೊಂದು ವರ್ಷ ಉಜ್ಜದ ಬಾಗಿಲು ಈಗ ಯಾಕೆ ಉಜ್ಜುತ್ತದೆ ಎಂದು ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಸೊಸೆ ಕಾಲರುಗಳ ಲೆಕ್ಕದಲ್ಲಿದ್ದಳು. ಡಿಪೋದಲ್ಲಿ ಇಬ್ಬರು ರಜೆ ಹಾಕಿ ಮಗನಿಗೆ ಎರಡು ಪಾಳಿ ಬಿದ್ದಿತ್ತು. ಯಾರ ಕಡೆ ಬೆರಳು ತೋರಿಸುವುದು?

ಐದನೇ ವಾರದ ಶುಕ್ರವಾರ ನೂರನಲವತ್ತು ಜೊತೆಯೂ ಶಾಲೆಯ ಗಾಡಿ ಏರಿದವು. ಶನಿವಾರ ಸೊಸೆ ಅಂಗಡಿ ಗುಡಿಸಿದಳು. ವಾರಗಟ್ಟಲೆ ಮುಚ್ಚಿದ್ದ ಗೂಡು ಬರಿದಾಗಿ ಕಂಡಿತು. ಮಗನಿಗೂ ಅಂದು ರಜೆ. ಅವನು ಸೊಸೆಯ ಕುರ್ಚಿಯಲ್ಲಿ ಕೂತು ಮಷೀನಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅಜ್ಜ ಒಳಗೆ ಆಲೂಗಡ್ಡೆ ಹೆಚ್ಚುತ್ತಿದ್ದ. ಗುಂಡಿ ಗೂಡಿನ ಹತ್ತಿರ ಹೋಗಿ, ಹಳೇ ಗೆಳತಿಯನ್ನು ಮಾತಾಡಿಸುವಂತೆ, ನಡುವಿನ ಪಟ್ಟಿಯ ಗುರುತಿನೊಳಗೆ ತನ್ನ ಹೆಬ್ಬೆರಳನ್ನಿಟ್ಟಳು.

"ಅಮ್ಮ, ನನ್ನ ಬೆರಳು ಸಣ್ಣದಾಗಿದೆ."

ಸೊಸೆ ನಕ್ಕಳು. ಊಟ ಸರಿಯಾಗಿ ಮಾಡದಿದ್ದರೆ ಹಾಗೇ ಆಗುತ್ತದೆ ಎಂದಳು. ಗುಂಡಿ ಬಿಡಲಿಲ್ಲ. ಸುತ್ತ ಜಾಗ ಉಳಿಯುತ್ತಿದೆ, ಬಂದು ನೋಡು ಎಂದು ಹಠ ಹಿಡಿದಳು. ಸೊಸೆ ಪೊರಕೆ ಹಿಡಿದುಕೊಂಡೇ ಬಂದು ಬಗ್ಗಿದಳು. ಗುರುತಿನ ಗುಳಿಯಲ್ಲಿ ಮಗಳ ಹೆಬ್ಬೆರಳು ಅಪ್ಪನ ಚಪ್ಪಲಿಯೊಳಗೆ ಹೊಕ್ಕ ಮಗುವಿನ ಪಾದದಂತೆ ಆಡುತ್ತಿತ್ತು. ಅವಳು ತನ್ನ ಹೆಬ್ಬೆರಳಿಟ್ಟು ನೋಡಿದಳು. ಗುರುತು ಅದಕ್ಕಿಂತಲೂ ದೊಡ್ಡದಿತ್ತು. ಗಂಡನನ್ನು ಕರೆದಳು, ಕರೆದ ದನಿ ಅವಳಿಗೇ ಗುರುತು ಸಿಗಲಿಲ್ಲ.

ಮಗ ಎಣ್ಣೆಯ ಕೈಯನ್ನು ಒರೆಸಿಕೊಂಡು ಬಂದು ಹೆಬ್ಬೆರಳಿಟ್ಟ. ಅಗಲಕ್ಕೆ ಸರಿಹೋಯಿತು, ಆದರೆ ಗುರುತಿನ ನಡುವೆ ಉದ್ದಕ್ಕೆ ಒಂದು ಏಣು ಇತ್ತು. ಸೀಳಿ ಒಣಗಿದ ಚರ್ಮ ಹಸಿ ಗಾರೆಯಲ್ಲಿ ಬಿಟ್ಟ ಏಣು. ನಲವತ್ತು ವರ್ಷ ಸುಣ್ಣ ತಿಂದ ಹೆಬ್ಬೆರಳಲ್ಲಿ ಅಂಥ ಸೀಳು ಇರುತ್ತದೆ. ಆ ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ.

"ಅಪ್ಪ, ಸ್ವಲ್ಪ ಬನ್ನಿ ಇಲ್ಲಿ."

ಅಜ್ಜ ಬಂದ. ಮೂವರು ಗೂಡಿನ ಮುಂದೆ ನಿಂತಿದ್ದ ರೀತಿ ನೋಡಿದ. ಕೈಯಲ್ಲಿ ಚಾಕು ಇತ್ತು, ಅದನ್ನು ಮಷೀನಿನ ಮೇಲಿಟ್ಟ.

"ನಿಮ್ಮ ಹೆಬ್ಬೆರಳು ಇಲ್ಲಿ ಇಡಿ."

ಅಜ್ಜ ಇಡಲಿಲ್ಲ. ನೆಲದ ಮೇಲೆ ಕೂತ. ಆಮೇಲೆ ಕೇಳಿದವರಿಗೂ ಕೇಳದವರಿಗೂ ಎಂಬಂತೆ ಎಲ್ಲವನ್ನೂ ಹೇಳಿದ. ಮೊದಲ ಪಟ್ಟಿಗಳು ಒಂಬತ್ತೇ ದಿನಕ್ಕೆ ಸೀಳಿದ್ದವು. ಅವನ್ನು ಕೆತ್ತಿ ಹೊಸದು ಹಚ್ಚಿದ, ಹೆಬ್ಬೆರಳೊತ್ತಿದ. ಅದೂ ಸೀಳಿತು. ಒಟ್ಟು ನಾಲ್ಕು ಸಲ. ಬೆಳಗ್ಗೆ ಎಲ್ಲರೂ ಏಳುವ ಮೊದಲು ಹಚ್ಚಬೇಕಿತ್ತು, ಚಹಾ ಅದಕ್ಕೇ. ಒಣಗಿದ ಮೇಲೆ ಹಳತಾಗಿ ಕಾಣಲೆಂದು ಚಹಾದ ಡಿಕಾಕ್ಷನ್ನನ್ನೇ ಹತ್ತಿಯಲ್ಲಿ ಅದ್ದಿ ಸವರುತ್ತಿದ್ದ. ಅವನ ಕೈಚಳಕಕ್ಕೆ ಬೇರೆಯವರಿರಲಿ, ಅವನಿಗೇ ಕೆಲವು ದಿನ ಅದು ಹಳೇ ಪಟ್ಟಿಯೆಂದು ಅನ್ನಿಸುತ್ತಿತ್ತಂತೆ.

"ಯಾಕೆ?" ಎಂದು ಮಗ ಕೇಳಿದ.

"ಗೂಡು ಕೊರೆದದ್ದು ನಾನು."

ಹನ್ನೊಂದು ವರ್ಷದ ಹಿಂದೆ ಸುಣ್ಣಬಣ್ಣಕ್ಕೆಂದು ಬೀಗದ ಕೈ ಇವನಿಗೆ ಸಿಕ್ಕಿತ್ತು. ಮೇಲಿನಮ್ಮ ತಂಗಿಯ ಮನೆಗೆ ಹೋಗಿ ಎರಡು ವಾರವಾಗಿತ್ತು. ಬಸುರಿ ಸೊಸೆ ಮನೆ ಒಪ್ಪಲಿ ಎಂದು, ಗೋಡೆ ಹೇಗೂ ಒಂದೂವರೆ ಅಡಿ ದಪ್ಪವಿದೆಯೆಂದು, ಒಂದಡಿ ಕೊರೆದುಬಿಟ್ಟ. ಕೊರೆಯುತ್ತ ಹೋದಾಗ ಒಂದು ಕಡೆ ಇಟ್ಟಿಗೆಗಳನ್ನು ಕಂಬದ ಹಾಗೆ ಒತ್ತಾಗಿ ಕಟ್ಟಿದ್ದು ಸಿಕ್ಕಿತು. ಅದು ತೊಲೆಯ ಭಾರ ಹೊರುವ ಜಾಗವೆಂದು ಅವನಿಗೆ ಅರೆಬರೆ ಗೊತ್ತಾಯಿತು. ಆದರೆ ಅರ್ಧ ಕೊರೆದ ಗೂಡನ್ನು ಸೊಸೆಗೆ ಹೇಗೆ ತೋರಿಸುವುದು? ಅದನ್ನೂ ಕೆತ್ತಿ ಮೇಲೆ ಗಾರೆ ಎಳೆದ. ಗಾರೆ ಎಂಥ ಚೆಂದ ಕೂತಿತೆಂದರೆ ಮನೆಯೊಡತಿ ಅದನ್ನು ಗಂಡನ ಲೆಕ್ಕಕ್ಕೆ ಬರೆದುಕೊಂಡಳು.

ಸೊಸೆ ತನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಗುಂಡಿಯ ರಟ್ಟೆ ಹಿಡಿದು ಬೀದಿಗೆ ಕರೆದುಕೊಂಡು ಹೋದಳು. ಯೂನಿಫಾರ್ಮ್ ಮುಗಿದ ಮೇಲೆ ಹೇಳಬೇಕೆಂದಿದ್ದೆ ಎಂದು ಅಜ್ಜ ಅವಳ ಬೆನ್ನಿಗೆ ಹೇಳಿದ. ಯೂನಿಫಾರ್ಮ್ ನಿನ್ನೆಯೇ ಮುಗಿದಿತ್ತು.

ಮೇಲಿನಮ್ಮನಿಗೆ ನೀವೇ ಹೇಳಬೇಕು ಎಂದು ಮಗ ಅಪ್ಪನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಅವಳು ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅಜ್ಜ ಹೇಳಿದ್ದನ್ನು ಪೂರ್ತಿ ಕೇಳಿ, ಅವಳು ಗೋಡೆಯ ಸುದ್ದಿಯನ್ನೇ ಎತ್ತಲಿಲ್ಲ.

"ಅದು ನಮ್ಮೆಜಮಾನ್ರು ಮಾಡಿಸಿದ್ದು. ಇಷ್ಟು ವರ್ಷದ ಮೇಲೆ ನಿಮ್ಮದು ಅಂತ ಹೇಳೋಕೆ ನಾಚಿಕೆ ಆಗಲ್ವಾ ಮೇಸ್ತ್ರಿಗಳೇ?"

ಮನೆ ಬೀಳುತ್ತದೆ, ಇಳಿಯಿರಿ ಎಂದು ಮಗ ಕೈಮುಗಿದ. ಹೋದ ಭಾನುವಾರ ಕೂಡ ಅಲುಗಿಲ್ಲ ಎಂದು ಇವರೇ ಹೇಳಿದ್ದಾರೆ, ಇವತ್ತು ಬೀಳುತ್ತದೆ ಎನ್ನುತ್ತಾರೆ, ಯಾವುದನ್ನು ನಂಬಲಿ ಎಂದು ಅವಳು ಕೇಳಿದಳು. ಕೊನೆಗೆ ಅಜ್ಜ ಹಿತ್ತಲ ಕಿಟಕಿಯ ಹತ್ತಿರ ಹೋದ.

"ನೀವು ಬಟ್ಟೆ ಒಗೆಯೋ ಕಟ್ಟೆ, ಅಮ್ಮ. ನೀವು ಊರಿಂದ ಬಂದಾಗ ಸುಮ್ಮನೆ ಕಟ್ಟಿಕೊಟ್ಟಿದ್ದೆ. ಆ ಇಟ್ಟಿಗೆ ಎಲ್ಲಿಂದ ಬಂತು ಅಂತ ನೀವು ಕೇಳಲೇ ಇಲ್ಲ."

ಮೇಲಿನಮ್ಮ ಎದ್ದು ಕಿಟಕಿಗೆ ಬಂದಳು. ಹಿತ್ತಲಲ್ಲಿ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಅವಳದೇ ಬಕೆಟ್ಟು. ಹನ್ನೊಂದು ವರ್ಷ ದಿನಾ ಅದರ ಮೇಲೆ ಬಟ್ಟೆ ಬಡಿದಿದ್ದಳು. ಸವೆದ ಗಾರೆಯ ಅಡಿಯಿಂದ ಇಟ್ಟಿಗೆಗಳು ಕಾಣುತ್ತಿದ್ದವು. ಈಗಿನ ಅಂಗಡಿಗಳಲ್ಲಿ ಸಿಗದ, ಅಗಲವಾದ, ತೆಳುವಾದ ಹಳೇ ಇಟ್ಟಿಗೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮಂಚದ ಕಡೆ ತಿರುಗಿ, ಅದು ನಿಂತಿದ್ದ ನೆಲವನ್ನು ನೋಡಿದಳು. ಔಷಧಿ ಡಬ್ಬಿಯನ್ನೂ ಗಂಡನ ಕನ್ನಡಕವನ್ನೂ ಚೀಲಕ್ಕೆ ಹಾಕಿಕೊಂಡು, ಬಿಡಿಸಿದ ಸೊಪ್ಪನ್ನು ಅಲ್ಲೇ ಬಿಟ್ಟು, ಗೋಡೆ ಹಿಡಿಯದೆ ಮೆಟ್ಟಿಲಿಳಿದಳು. ಅಜ್ಜ ಕೈಕೊಡಲು ಹೋದ. ಅವಳು ತೆಗೆದುಕೊಳ್ಳಲಿಲ್ಲ.

ಸಂಜೆ ಮಗ ಕರೆತಂದ ಇಂಜಿನಿಯರ್ ಹೊಸ್ತಿಲಲ್ಲೇ ನಿಂತು ಟಾರ್ಚ್ ಬಿಟ್ಟು ನೋಡಿದ. ತೊಲೆ ಗೋಡೆಯಿಂದ ಎರಡು ಬೆರಳು ಜಾರಿತ್ತು. ಒಂದು ಚಮಚ ತರುವುದಕ್ಕೂ ಯಾರೂ ಒಳಗೆ ಹೋಗಬಾರದು ಎಂದ. ಮಷೀನು ಒಳಗಿದೆ ಎಂದಳು ಸೊಸೆ. ಮಷೀನು ಅಲ್ಲೇ ಇರಲಿ, ನೀವು ಇಲ್ಲಿರಿ ಎಂದು ಅವನು ಹೇಳಿದ. ಡಿಪೋದ ಗೆಳೆಯನೊಬ್ಬ ತನ್ನ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟ. ಮೇಲಿನಮ್ಮ ತಂಗಿಯ ಮನೆಗೆ ಹೋದಳು. ಹೋಗುವಾಗ ಗುಂಡಿಯ ಕೆನ್ನೆ ಸವರಿದಳು, ಬೇರೆ ಯಾರನ್ನೂ ಮಾತಾಡಿಸಲಿಲ್ಲ.

ಗೋಡೆ ಬಿದ್ದದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಎದುರಿನ ಬೇಕರಿಯವನು ಹೇಳುವಂತೆ ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಮೂಟೆ ಇಳಿಸಿದ ಹಾಗೆ ಧಡ್ ಎಂದಿತು, ನೋಡಿದರೆ ಬೀದಿ ತುಂಬ ಕೆಂಪು ಧೂಳು, ಮೇಲ್ಮಹಡಿಯ ಮಂಚ ಕೆಳಗಿತ್ತು. ಸೊಸೆಗೆ ಸುದ್ದಿ ಮುಟ್ಟಿದಾಗ ಅವಳು ಮೊದಲು ಮಾಡಿದ್ದು ಗಡಿಯಾರ ನೋಡಿದ್ದು. ಬೆಳಿಗ್ಗೆ ಹನ್ನೊಂದು ಎಂದರೆ ಗುಂಡಿ ಶಾಲೆಯಲ್ಲಿ, ಗಂಡ ಡಿಪೋದಲ್ಲಿ, ಮಾವ ತರಕಾರಿ ತರಲು ಹೋಗಿರುವ ಹೊತ್ತು. ಆ ಕೋಣೆಯಲ್ಲಿ ಆ ಹೊತ್ತಿಗೆ ಇರುತ್ತಿದ್ದವಳು ಅವಳೊಬ್ಬಳೇ.

ಇಟ್ಟಿಗೆಗಳನ್ನು ತೆಗೆಯಲು ನಾಲ್ಕು ದಿನ ಹಿಡಿಯಿತು. ಕಿಟಕಿಯ ಹತ್ತಿರದ ಗುಂಡಿಯ ಮೇಜು ಧೂಳು ಕೊಡವಿದರೆ ಹೊಸದರಂತೆ ಇತ್ತು. ಅದರ ಮೇಲಿದ್ದ ಕಾಪಿಪುಸ್ತಕ ಕೂಡ ಹರಿದಿರಲಿಲ್ಲ. ಮಷೀನು ಸಿಕ್ಕಿದ್ದು ಕೊನೆಯ ದಿನ, ತೊಲೆಯ ಅಡಿಯಲ್ಲಿ. ಅದರ ತಲೆ ನೆಲಕ್ಕೆ ಒತ್ತಿಹೋಗಿತ್ತು. ಮಗ ಶನಿವಾರ ಎಣ್ಣೆ ಬಿಟ್ಟಿದ್ದ ಚಕ್ರ ಮಾತ್ರ ಮುಟ್ಟಿದರೆ ತಿರುಗುತ್ತಿತ್ತು. ಕುರ್ಚಿ ಯಾವುದೆಂದು ಹುಡುಕಬೇಕಾಯಿತು. ಕೆಲಸದವರು ಮಷೀನನ್ನು ಗಾಡಿಯಲ್ಲಿ ತಂದು ಹಿಂದಿನ ಕೋಣೆಯ ಬಾಗಿಲಲ್ಲಿ ಇಳಿಸಿ ಹೋದರು. ಸೊಸೆ ಅದನ್ನೂ, ಪಕ್ಕದಲ್ಲಿ ಇಳಿಸಿದ್ದ ಮಗಳ ಮೇಜನ್ನೂ ನೋಡುತ್ತ ಕೂತಳು. ಆ ದಿನ ಅವಳು ಉಣ್ಣಲಿಲ್ಲ. ಗಂಡ ಕೇಳಿದರೆ ಹಸಿವಿಲ್ಲ ಎಂದಳು.

ಮರುದಿನ ಬೆಳಿಗ್ಗೆ ಅಜ್ಜ ಎಂದಿನಂತೆ ಮೊದಲೆದ್ದು ಚಹಾ ಮಾಡಿದ. ಇನ್ನು ಹಚ್ಚುವ ಪಟ್ಟಿ ಯಾವುದೂ ಇರಲಿಲ್ಲ, ಆದರೂ ಮಾಡಿದ. ಸೊಸೆಯ ಮುಂದೆ ಲೋಟ ಇಟ್ಟು ಅಲ್ಲೇ ನಿಂತ. ಇಷ್ಟು ದಿನ ಅವನೊಂದಿಗೆ ಅವಳು ಒಂದು ಮಾತೂ ಆಡಿರಲಿಲ್ಲ.

"ಮಾವ, ಒಂದು ಕೇಳ್ತೀನಿ. ಗುಂಡಿಯ ಮೇಜು ಸರಿಸಿದ್ದು ಬೆಳಕಿಗಲ್ಲ, ಅಲ್ವಾ?"

"ಅಲ್ಲ."

"ನನ್ನ ಮಷೀನ್ ಯಾಕೆ ಸರಿಸಲಿಲ್ಲ?"

ಅಜ್ಜ ನೆಲ ನೋಡಿದ. ಮಗ ಹಾಸಿಗೆಯಲ್ಲಿ ಎದ್ದು ಕೂತ. ಸುಳ್ಳು ಹೇಳಿದ್ದರೆ ಆ ಹೊತ್ತಿಗೆ ಎಲ್ಲರೂ ನಂಬುತ್ತಿದ್ದರು. ಮಷೀನು ಭಾರ ಅನ್ನಬಹುದಿತ್ತು, ಪ್ಲಗ್ ಆ ಕಡೆ ಇರಲಿಲ್ಲ ಅನ್ನಬಹುದಿತ್ತು. ಆದರೆ ವಾರಗಟ್ಟಲೆ ಸುಳ್ಳು ಹಚ್ಚಿ ಅವನ ಕೈ ದಣಿದಿತ್ತು.

"ಅವಳು ಮಗು. ಸರಿಸಿದೆ, ಸರಿದಳು. ನೀನಾದ್ರೆ ಯಾಕೆ ಅಂತ ಕೇಳ್ತಿದ್ದೆ."

ಚಹಾ ಅವರ ನಡುವೆ ಆರುತ್ತ ಕೂತಿತ್ತು. ಸೊಸೆ ಎದ್ದು ಲೋಟ ತೆಗೆದುಕೊಂಡು ಹೋಗಿ ಮೋರಿಗೆ ಚೆಲ್ಲಿದಳು. ಪಾತ್ರೆ ತೊಳೆದು, ಹೊಸ ನೀರಿಟ್ಟು, ಎಲ್ಲರಿಗೂ ಬೇರೆ ಚಹಾ ಮಾಡಿದಳು. ಮಾವನಿಗೂ ಕೊಟ್ಟಳು.

ಅಂದಿನಿಂದ ಬೆಳಗಿನ ಚಹಾ ಅವಳದೇ. ಮಾವ ಎಷ್ಟು ಬೇಗ ಎದ್ದರೂ ಅವಳು ಅವನಿಗಿಂತ ಮೊದಲು ಎದ್ದಿರುತ್ತಾಳೆ.